ಹೂಂಗುಟ್ಟುವವರು ಬೇಕಾಗಿದ್ದಾರೆ

ಹೆಸರು ಹಾಕಬೇಡ ಅಂದಿದ್ದಾರೆ. "ಯಾಕೆ ಸರ್?" ಅಂದದ್ದಕ್ಕೆ ಬಂದ ಉತ್ತರ ಇದು: "ಹೆಸರು ಹಾಕಿದರೆ ಜನ ಮೊಬೈಲಿನಲ್ಲಿ ಹುಡುಕಿ ಫೋಟೋ ನೋಡ್ತಾರೆ. ಫೋಟೋ ನೋಡಿದ ಮೇಲೆ ಯಾರೂ ಮುಂದೆ ಓದೋದಿಲ್ಲ ತಂಗಿ."

ಯಾರು ಏನೇ ಹೇಳಲಿ, "ಆದರೆ" ಅಂತ ಶುರು ಮಾಡುವುದು ನನ್ನ ಚಟ. ಶಾಲೆಯಲ್ಲಿ ಡಿಬೇಟ್ ಮಾಡಿ ಮಾಡಿ ಹತ್ತಿದ ಚಟ. ಊಟಕ್ಕೆ ಕರೆದರೂ ಅಮ್ಮನಿಗೆ ಮೊದಲು ಒಂದು 'ಆದರೆ' ಸಿಗುತ್ತದೆ. ಈ ಮಾತಿಗೆ ಮಾತ್ರ ನನ್ನ ಹತ್ತಿರ ಅದು ಇರಲಿಲ್ಲ. ಹಾಗಾಗಿ ಅವರು ಇಲ್ಲಿ ಬರೀ ಸರ್.

ಕಳೆದ ತಿಂಗಳು ಸರ್ ಕುವೈತ್ ಬಿಟ್ಟು ಹೋದರು. ರಿಟೈರ್ ಆಗಿ ಅಲ್ಲ. ಶಾಲೆಯ ವರ್ಷ ಮುಗಿಯುವ ಮೊದಲೇ, ಸ್ಪೋರ್ಟ್ಸ್ ಡೇ ಕಣ್ಣೆದುರಿಗಿರುವಾಗ, ರಾಜೀನಾಮೆ ಕೊಟ್ಟು. ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂತು. "ಪಿ.ಟಿ. ಮಾಸ್ಟ್ರು ಖಲಾಸ್ ಮಾಡಿ ಹೋದ್ರಂತೆ." ಕೆಳಗೆ ಒಬ್ಬರು: "ಊರಲ್ಲಿ ಒಂದು ಕತೆ ಹೇಳ್ಲಿಕ್ಕೆ ಉಂಟಂತೆ ಮಾರಾಯ್ರೆ, ಅದಕ್ಕೆ ಕೆಲಸ ಬಿಟ್ಟದ್ದು!" ಅದರ ಕೆಳಗೆ ಇನ್ನೊಬ್ಬರು: "ಕತೆಯಾ? ತಲೆ ಸರಿ ಉಂಟಾ?" ಆಮೇಲೆ ನಗುವ ಮುಖಗಳ ಸಾಲು. ನಮ್ಮಪ್ಪ ಕೈ ಮುಗಿಯುವ ಚಿತ್ರ ಹಾಕಿದರು. ಏನು ಹೇಳಬೇಕೆಂದು ತಿಳಿಯದಾಗ ಎಲ್ಲರೂ ಹಾಕುವುದು ಅದನ್ನೇ.

ಸುದ್ದಿ ನಿಜ. ಅವರು ಕೆಲಸ ಬಿಟ್ಟದ್ದು ಒಂದು ಕತೆ ಹೇಳುವುದಕ್ಕೇ. ಆ ನಗುವ ಮುಖಗಳಿಗೆ ನಾನು ಉತ್ತರ ಬರೆಯಲು ಹೋಗಿ ಮೂರು ಸಲ ಅಳಿಸಿದೆ. ವಾದ ಸಿದ್ಧ ಇತ್ತು. ನಾಚಿಕೆ ಅಡ್ಡ ಬಂತು. ನಮ್ಮ ನಾಚಿಕೆ, ಅವರದ್ದಲ್ಲ.

ಸರ್ ಸಿದ್ದಿ. ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯ ಕಡೆ ಮಾರಲ್ಪಟ್ಟವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರು: ಅವರ ಮಕ್ಕಳ ಮಕ್ಕಳ ಮಕ್ಕಳು. ಹುಡುಗನಾಗಿದ್ದಾಗ ಚೆನ್ನಾಗಿ ಓಡುತ್ತಾನೆ ಅಂತ ಯಾರೋ ಸ್ಪೋರ್ಟ್ಸ್ ಹಾಸ್ಟೆಲಿಗೆ ಸೇರಿಸಿದರು. ಓಡುತ್ತ ಓಡುತ್ತ ಕುವೈತಿಗೆ ಬಂದುಬಿಟ್ಟೆ ಅನ್ನುತ್ತಿದ್ದರು. ನಾನು ಓದಿದ ಇಂಡಿಯನ್ ಶಾಲೆಯಲ್ಲಿ ಪಿ.ಟಿ. ಟೀಚರ್.

ಅವರು ಸಾಧು ಮನುಷ್ಯರೇನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಂಬದ ಆಸಾಮಿ. ಮೀಸೆಗೆ ಬಣ್ಣ ಹಾಕುತ್ತಿದ್ದರು, ಹಾಕಿಲ್ಲ ಅಂತ ಆಣೆ ಮಾಡುತ್ತಿದ್ದರು. ಬಿಳಿ ಕ್ಯಾನ್ವಾಸ್ ಶೂಗೆ ಸ್ಟಾಫ್ ರೂಮಿನ ಸೀಮೆಸುಣ್ಣ ಉಜ್ಜುತ್ತಿದ್ದರು. ಎಂದೋ ಗೆದ್ದ ಒಂದು ರಿಲೇ ಓಟದ ವರ್ಣನೆ ವರ್ಷ ಹೋದಂತೆ ಬೆಳೆಯುತ್ತಿತ್ತು: ನಾನು ಐದನೇ ಕ್ಲಾಸಿನಲ್ಲಿದ್ದಾಗ ಎದುರಾಳಿ ಹತ್ತು ಹೆಜ್ಜೆ ಮುಂದಿದ್ದ, ಹನ್ನೆರಡಕ್ಕೆ ಬರುವ ಹೊತ್ತಿಗೆ ಅವನು ಕಣ್ಣಿಗೇ ಕಾಣುತ್ತಿರಲಿಲ್ಲ. ಕೇರಂ ಆಡುವಾಗ ಮೊಣಕೈಯಿಂದ ಪಾನ್ ಸರಿಸುತ್ತಿದ್ದರು. ಉದ್ದ ಕಾಲಿನ ಮಕ್ಕಳೆಂದರೆ ಪ್ರೀತಿ, ನನ್ನಂಥ ಕುಳ್ಳಿಯರೆಂದರೆ ನಿಟ್ಟುಸಿರು. ನಾನು ಬಿಸಿಲಿನ ಬಗ್ಗೆ, ಆರೋಗ್ಯದ ಬಗ್ಗೆ, ಹೆಣ್ಣುಮಕ್ಕಳಿಗೆ ಪಿ.ಟಿ. ಕಡ್ಡಾಯ ಮಾಡುವುದರ ನ್ಯಾಯದ ಬಗ್ಗೆ ವಾದ ಹೂಡಿದರೆ ಶಾಂತವಾಗಿ ಪೂರ್ತಿ ಕೇಳಿ, "ಆತಾ ಲಾಯರಮ್ಮ? ಈಗ ಒಂದು ಸುತ್ತು ಓಡಿ ಬಾ. ಉಳಿದದ್ದು ಆಮೇಲೆ" ಅನ್ನುತ್ತಿದ್ದರು. ಓಡಿ ಬಂದ ಮೇಲೆ ವಾದಕ್ಕೆ ಉಸಿರೆಲ್ಲಿ?

ಧೂಳೆದ್ದ ದಿನ ಮೈದಾನ ಬಂದ್. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಿಟಕಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ಕೂತಾಗ ಪಿ.ಟಿ. ಪೀರಿಯಡ್ ಒಳಾಂಗಣದಲ್ಲಿ. ಆಗ ಸರ್ ಕತೆ ಹೇಳುತ್ತಿದ್ದರು. ಮಲಯಾಳಿ, ತಮಿಳು, ಗುಜರಾತಿ ಮಕ್ಕಳೆಲ್ಲ ಇದ್ದ ಕ್ಲಾಸು. ಅವರದು ಹರಕು ಮುರಕು ಹಿಂದಿ. ಕುರ್ಚಿಯಲ್ಲಿ ಕೂತು ಕತೆ ಹೇಳುತ್ತಿರಲಿಲ್ಲ. ನೆಲದ ಮೇಲೆ ಕೂತು, ಎಡಗೈಯನ್ನು ನೆಲಕ್ಕೆ ಊರಿ. ನಮ್ಮನ್ನೂ ಬೆಂಚಿನಿಂದ ಇಳಿಸುತ್ತಿದ್ದರು. ಒಂದೊಂದು ಮಾತಿಗೂ ನಿಲ್ಲಿಸಿ, "ಹೂಂ ಬೋಲೋ" ಅನ್ನುತ್ತಿದ್ದರು. ನಲವತ್ತು ಮಕ್ಕಳು ಹೂಂ ಅನ್ನದೆ ಕತೆ ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ.

ಹುಲಿಯ ಜೊತೆ ಜಗಳವಾಡಿದ ಅಜ್ಜಿ, ಗಂಡನನ್ನು ಅಡಗಿಸಿಟ್ಟ ಮತ್ತಿಮರ, ಜೇನಿಗೆ ಸುಳ್ಳು ಹೇಳಿ ತುಟಿ ಊದಿಸಿಕೊಂಡ ಚಿಕ್ಕಪ್ಪ. ಎಲ್ಲ ಕತೆಗೂ ಒಂದು ಜಾಗ ಇರುತ್ತಿತ್ತು. ಇಂಥ ಬಂಡೆ, ಇಂಥ ತಿರುವು, ಇಂಥ ಮರದ ಬುಡ. ಒಂದು ದಿನ ನಾನು ಕೈಯೆತ್ತಿದೆ.

"ಸರ್, ಹುಲಿ ಮಾತಾಡೋದಿಲ್ಲ. ಮತ್ತೆ ಈ ಕತೆಗೆ ಎವಿಡೆನ್ಸ್ ಏನು?"

"ಬಂಡೆ ಅಲ್ಲೇ ಐತಲ್ಲ."

"ಬಂಡೆ ಇರೋದು ಹುಲಿ ಮಾತಾಡಿದ್ದಕ್ಕೆ ಪ್ರೂಫ್ ಆಗೋದಿಲ್ಲ ಸರ್."

"ಹೌದಲ್ಲೋ! ಹಂಗಾರೆ ಹುಲಿ ಬಿಡು. ಆ ಬಂಡೆ ಎಲ್ಲಿದೆ ಅಂತ ಈಗ ಈ ಕ್ಲಾಸಿನ ನಲವತ್ತು ಮಂದಿಗೂ ಗೊತ್ತು. ಯಾವ ಮಗ್ಗುಲಲ್ಲಿ ಪಾಚಿ ಅಂತಾನೂ ಗೊತ್ತು. ಅಷ್ಟು ಸಾಕು ನನಗೆ."

ಅದು ಉತ್ತರವೇ ಅಲ್ಲ ಅಂತ ನಾನು ಮನೆಗೆ ಬಂದು ಅಪ್ಪನ ಹತ್ತಿರ ವಾದಿಸಿದೆ. ಅಪ್ಪ ಶುಐಬಾದ ಕೆಲಸದಿಂದ ಕಂಪನಿ ಬಸ್ಸಿನಲ್ಲಿ ಆಗಷ್ಟೇ ಬಂದು ಕಾಲು ನೀವಿಕೊಳ್ಳುತ್ತಿದ್ದರು. "ಎಂತ ಮಾರ್ಕ್ಸ್ ಉಂಟಾ ಅದಕ್ಕೆ?" ಅಂತ ಮಾತ್ರ ಕೇಳಿದರು.

ಶಾಲೆಯ ಗೋಡೆಯ ಪಕ್ಕ ಒಂದು ಎಲಚಿ ಮರ ಇತ್ತು. ಇಲ್ಲಿನವರು ಸಿದ್ರ್ ಅನ್ನುತ್ತಾರೆ. ಅದರ ಕತೆ ಏನು ಅಂತ ಸರ್ ವಾಚ್‌ಮನ್‌ನಿಂದ ಹಿಡಿದು ಅರಬ್ಬಿ ಟೀಚರ್‌ವರೆಗೆ ಎಲ್ಲರನ್ನೂ ಕೇಳುತ್ತ ತಿರುಗುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಯಾಕೆ ಸರ್ ಅಂದರೆ ಹೇಳಿದ್ದು ಈ ಮಾತು, ಅಮ್ಮನ ಎದುರು ನಾನು ಇವತ್ತಿಗೂ ಹೇಳದ್ದು: "ಒಂದು ನೆಲದ ಮೇಲೆ ಇಷ್ಟು ವರ್ಷ ಉಚ್ಚೆ ಹೊಯ್ದ ಮೇಲೆ ಅದರದ್ದು ಒಂದು ಕತೆಯಾದರೂ ಗೊತ್ತಿರಬೇಕು."

"ಸರ್, ಇದು ನಮ್ಮ ನೆಲ ಅಲ್ಲ," ಅಂದೆ. ಆಗ ನಾನು ಹನ್ನೊಂದನೇ ಕ್ಲಾಸು. ಸ್ಪರ್ಧೆಗಳಲ್ಲಿ ಕಪ್ ಗೆಲ್ಲುತ್ತಿದ್ದ ಕಾಲ. "ನಾನು ಹುಟ್ಟಿದ್ದು ಇಲ್ಲಿ. ಆದರೆ ಅಪ್ಪನಿಗೆ ಕೆಲಸ ಕೊಟ್ಟ ಕಫೀಲ್ ಒಂದು ಸಹಿ ಹಾಕದಿದ್ದರೆ ಇಲ್ಲಿರಲಿಕ್ಕೆ ಅಪ್ಪನ ಇಕಾಮಾ ಇಲ್ಲ, ಅಪ್ಪನ ಇಕಾಮಾ ಇಲ್ಲದಿದ್ದರೆ ನಾನಿಲ್ಲ. ಬಾಡಿಗೆ ಮನೆಗೆ ಯಾರಾದ್ರೂ ಕತೆ ಕಟ್ತಾರಾ?"

ಸರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ನಮ್ಮ ಅಜ್ಜಿಗೂ ಆ ಕಾಡು ಅವಳದ್ದಾಗಿರಲಿಲ್ಲ. ಅದಕ್ಕೇ ಕತೆ. ಪಟ್ಟಾ ಇದ್ದವರಿಗೆ ಕತೆ ಎಂತಕ್ಕೆ ಬೇಕು?"

ಸರ್ ಅರಬ್ಬಿ ಬಟ್ಟೆ ಹಾಕಿದವರಲ್ಲ, ಅರಬ್ಬಿ ಸರಿಯಾಗಿ ಬರುತ್ತಲೂ ಇರಲಿಲ್ಲ. ಆದರೂ ಮಂಗಫ್‌ನ ಬಕಾಲಾದಲ್ಲಿ, ಅದೇ ನಮ್ಮ ಬೀದಿ ಮೂಲೆಯ ಚಿಲ್ಲರೆ ಅಂಗಡಿಯಲ್ಲಿ, ಅವರನ್ನು ಕಂಡ ಯಾರೇ ಆಗಲಿ ಸುಡಾನ್ ಅನ್ನುತ್ತಿದ್ದರು, ಇಲ್ಲವೇ ನೈಜೀರಿಯಾ. "ಹಿಂದಿ, ಹಿಂದಿ", ಅಂದರೆ ಇಂಡಿಯಾದವನು, ಅಂತ ಇವರು ಎದೆ ಮುಟ್ಟಿ ಹೇಳಿದರೆ ನಗು. ಅದು ಹೊರಗಿನವರ ಮಾತಾಯಿತು, ಬಿಡಿ. ನಮ್ಮವರದ್ದು ಬೇರೆ ಥರ. ಸಂಘದ ಯಾವುದೇ ಕೂಟವಿರಲಿ, ಸರ್ ಬಾಯಿ ಬಿಟ್ಟ ಕೂಡಲೇ ಯಾರಾದರೊಬ್ಬ ಅಂಕಲ್ ಹುಬ್ಬೇರಿಸಿ, "ಅರೇ! ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ ನೀವು!"

ಅದೇ ಅಂಕಲ್‌ನ ಮಗ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಐಸ್‌ಕ್ರೀಮ್ ಕೇಳುತ್ತಿರುತ್ತಾನೆ.

ಸರ್ ಒಮ್ಮೆ ಮಾತ್ರ ತಿರುಗಿ ಹೇಳಿದ್ದು ನಾನು ಕೇಳಿದ್ದೇನೆ. "ನಿಮ್ಮದೂ ಅಡ್ಡಿಲ್ಲ. ಸ್ವಲ್ಪ ಪ್ರಾಕ್ಟೀಸ್ ಮಾಡಿ." ಅಂಕಲ್ ನಕ್ಕರು. ತಮಾಷೆ ಅಂದುಕೊಂಡರು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಪಟ್ಟಿ ಸರಿಯಾಗಿಯೇ ಇತ್ತು. ನನ್ನ ಕನ್ನಡ ಆಗ ಆ ಐಸ್‌ಕ್ರೀಮ್ ಹುಡುಗನದ್ದಕ್ಕಿಂತ ಒಂದು ಗುಲಗಂಜಿ ಮೇಲು. ಈಗ ಬರೆಯುತ್ತಿರುವ ಈ ಕನ್ನಡ ಆಮೇಲೆ ಹಟ ಹಿಡಿದು ಕಲಿತದ್ದು. ನನಗೂ ಯಾರಾದರೂ "ಎಷ್ಟು ಚೆನ್ನಾಗಿ" ಅನ್ನಲಿ ಅಂತ ಕಾದಿದ್ದೇನೆ. ಯಾರೂ ಅನ್ನುವುದಿಲ್ಲ. ನನ್ನ ಮುಖಕ್ಕೆ ಕನ್ನಡ ತಾನಾಗಿ ಬರಬೇಕು ಅಂತ ಅವರ ಲೆಕ್ಕ.

ಕಳೆದ ವರ್ಷ ಸರ್ ಅವರ ತಾಯಿ ತೀರಿಕೊಂಡರು. ಆಯಿ ಅನ್ನುತ್ತಿದ್ದರು ಅವರನ್ನು. ಇಕಾಮಾ ರಿನ್ಯೂವಲ್ ನಡುವೆ ಸಿಕ್ಕಿಬಿದ್ದು ಸರ್‌ಗೆ ಹೋಗಲಾಗಲಿಲ್ಲ. ನಾನಾಗ ಕುವೈತ್ ಸಿಟಿಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ವಿಷಯ ಗೊತ್ತಾಗಿ ಅಮ್ಮ ಕೊಟ್ಟ ಹಣ್ಣಿನ ಚೀಲ ಹಿಡಿದು ಅವರ ರೂಮಿಗೆ ಹೋದೆ. ಹೆಂಡತಿ ಎಂದೋ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಇಬ್ಬರು ಮಲಯಾಳಿ ಟೀಚರ್‌ಗಳ ಜೊತೆ ಒಂದು ಫ್ಲಾಟ್ ಹಂಚಿಕೊಂಡಿದ್ದರು. ಸರ್ ನೆಲದ ಮೇಲೆ ಕೂತು ಶೂ ತೊಳೆಯುತ್ತಿದ್ದರು. ಮೀಸೆಗೆ ಬಣ್ಣ ಹಾಕಿರಲಿಲ್ಲ. ಬಣ್ಣ ಹಾಕುತ್ತಿದ್ದರು ಅನ್ನುವುದು ಹಾಗೆ ಸಾಬೀತಾಯಿತು.

ಸಾರಿ ಸರ್ ಅಂದೆ. ಅವರು ಹೇಳಿದ್ದು ನೇರವಾಗಿ ಕೆಲಸದ ಮಾತು.

"ಆಯಿ ಹತ್ತಿರ ನಮ್ಮ ಮನೆಯ ಕತೆ ಇತ್ತು. ಹಿರಿಯಜ್ಜಿ ಆ ಜಾಗಕ್ಕೆ ಬಂದ ಕತೆ. ಅದನ್ನು ಇಟ್ಟುಕೊಂಡವರು ಹೋದರೆ ವರ್ಷ ತುಂಬುವುದರೊಳಗೆ ಮಕ್ಕಳಲ್ಲಿ ಒಬ್ಬರು ಅದನ್ನು ಪೂರ್ತಿ ಹೇಳಬೇಕು. ಊರಿನ ಎದುರು. ಊರು ಹೂಂ ಅನ್ನಬೇಕು. ಅಲ್ಲಿವರೆಗೆ ಹೋದವರು ಹೊಳೆಯ ಈಚೆಯೇ ಇರ್ತಾರೆ."

"ಎಲ್ಲ ಸಿದ್ದಿಗಳಲ್ಲೂ ಹೀಗೇನಾ ಸರ್?"

"ಎಲ್ಲರ ಮಾತು ನನಗೆ ಗೊತ್ತಿಲ್ಲ. ನಮ್ಮನೇಲಿ ಹಿಂಗೆ. ನೀನು ಎಲ್ಲಾದರೂ ಬರೆದರೆ ಹಂಗೇ ಬರಿ."

"ನೀವು ನಂಬ್ತೀರಾ ಸರ್ ಇದನ್ನ?"

"ನಂಬೋದು ಬಿಡೋದು ನಿನ್ನ ಡಿಪಾರ್ಟ್‌ಮೆಂಟ್. ನಂದು ಹೇಳೋದು." ಶೂವಿನ ನೀರು ಕೊಡವಿದರು. "ಆದರೆ ಊರು ಎಲ್ಲಿಂದ ತರಲಿ ಇಲ್ಲಿ? ನಮ್ಮವರು ಇಲ್ಲಿ ನಾನೊಬ್ಬನೇ. ನಮ್ಮನೆ ಒಳಗೆ ಸಿದ್ದಿಗಳ ಕೊಂಕಣಿ, ಪೇಟೆಯಲ್ಲಿ ಕನ್ನಡ. ಕತೆ ಎರಡರಲ್ಲೂ ನಡೀತದೆ. ಮಾತು ತಿಳಿಯೋ ಮಂದಿ ಒಂದಿಷ್ಟು ಒಟ್ಟಿಗೆ ಕೂತರೆ ಅದೇ ಊರು. ನಿಮ್ಮ ಸಂಘ ಇದೆಯಲ್ಲ?"

'ನಿಮ್ಮ' ಸಂಘ. ಚಂದಾ ಕೊಡುವ ಸದಸ್ಯರು ಅವರು, ನನಗಿಂತ ಹಳಬರು. 'ನಮ್ಮ' ಅನ್ನಲಿಲ್ಲ.

ಆಯಿ ಹೋದ ವಿಷಯ ಯಾರಿಗೂ ಹೇಳಕೂಡದು ಅಂತ ಕಟ್ಟಪ್ಪಣೆ ಬೇರೆ. "ಸಾವು ತೋರಿಸಿ ಹೂಂ ಬೇಡಬಾರದು. ಕತೆ ಕೇಳಿ ಬರಬೇಕು ಅದು."

ಅಪ್ಪ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ವಾರ್ಷಿಕೋತ್ಸವದ ಮೀಟಿಂಗ್ ನಮ್ಮ ಮನೆಯಲ್ಲೇ, ಅಮ್ಮನ ಗೋಳಿಬಜೆಯ ಎದುರು. ನಾನು ವಿಷಯ ಎತ್ತಿದೆ. ಅಧ್ಯಕ್ಷರ ಮುಖ ಅರಳಿತು.

"ಒಳ್ಳೆ ಐಡಿಯಾ! ಅವರದ್ದು ಆ ಡ್ಯಾನ್ಸ್ ಉಂಟಲ್ಲ, ಎಲೆ ಎಲ್ಲ ಕಟ್ಟಿಕೊಂಡು, ಮುಖಕ್ಕೆ ಬಣ್ಣ ಹಾಕಿ... ಆಫ್ರಿಕನ್ ಸ್ಟೈಲ್. ಮಕ್ಕಳಿಗೆ ಭಾರಿ ಖುಷಿ ಆಗ್ತದೆ."

"ಅಂಕಲ್, ಅವರು ಟೀಚರ್. ಎಲೆ ಕಟ್ಟೋದಿಲ್ಲ. ಕತೆ ಹೇಳ್ತಾರೆ."

"ಕತೆಯಾ? ಎರಡು ಫಿಲ್ಮಿ ಡ್ಯಾನ್ಸ್ ನಡುವೆ ಕತೆ ಹೇಳಿದ್ರೆ ಜನ ಸೀದಾ ಬಿರಿಯಾನಿ ಕೌಂಟರಿಗೆ ಹೋಗ್ತಾರೆ ಮಗಾ."

"ಕೂತು ಕೇಳ್ತಾರೆ ಅಂಕಲ್."

"ನೀನು ಕೇಳ್ತಿ. ನಿನ್ನ ಅಪ್ಪ ಕೇಳ್ತಾರಾ ಕೇಳು."

ಎಲ್ಲರೂ ನಕ್ಕರು, ಅಪ್ಪನೂ. ಆಮೇಲೆ ನಾನು ನನ್ನ ಕೆಲಸ ಶುರು ಮಾಡಿದೆ. ಕರ್ನಾಟಕ ಅಂದರೆ ಯಾರು ಯಾರು, ಬೇರೆ ಯಾವ ಸಂಘದ ವೇದಿಕೆಯಲ್ಲೂ ಇಲ್ಲದ್ದು ನಮ್ಮಲ್ಲಿದ್ದರೆ ಏನು ಹೆಸರು, ಫೇಸ್‌ಬುಕ್ಕಿನಲ್ಲಿ ಹೇಗೆ ಕಾಣುತ್ತದೆ. ಕೊನೆಯದ್ದು ನಾಟಿತು. "ಯಲ್ಲಾ, ಐದು ನಿಮಿಷ ಕೊಡುವ," ಅಂದರು ಅಧ್ಯಕ್ಷರು. ಅಪ್ಪ ಹೆಮ್ಮೆಯಿಂದ ನನ್ನತ್ತ ನೋಡಿದರು. ನಾನು ಗೋಳಿಬಜೆ ತಟ್ಟೆ ಒಳಗೆ ಒಯ್ಯುವ ನೆಪ ಮಾಡಿದೆ. ಗೆದ್ದ ವಾದವನ್ನು ಸರ್ ಬಾಗಿಲಲ್ಲಿ ನಿಂತು ಕೇಳಿದ್ದರೆ ಏನನ್ನುತ್ತಿದ್ದರು ಎಂಬ ಯೋಚನೆ ಬಂದು ಅಡುಗೆಮನೆಯಲ್ಲಿ ಮುಖಕ್ಕೆ ನೀರು ಹಾಕಿಕೊಂಡೆ.

ಬಾಡಿಗೆಗೆ ಹಿಡಿದ ಶಾಲೆಯ ಆಡಿಟೋರಿಯಂ. ರೇಷ್ಮೆ ಸೀರೆ, ಮಲ್ಲಿಗೆ, ಏಸಿಯ ಚಳಿ. ನಿರೂಪಣೆ ಮಾಡುತ್ತಿದ್ದವಳು ನನಗಿಂತ ಎರಡು ವರ್ಷ ಚಿಕ್ಕವಳು. "ಈಗ ನಮ್ಮ ಮುಂದೆ ಬರ್ತಿದ್ದಾರೆ, ಆಫ್ರಿಕಾ ಮೂಲದವರಾದರೂ ಎಷ್ಟೋ ಚೆನ್ನಾಗಿ ಕನ್ನಡ ಮಾತಾಡುವ..." ಚಪ್ಪಾಳೆ. ಮೂರನೇ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದ ನಾನು ಕುರ್ಚಿಯಲ್ಲೇ ಕೆಳಕ್ಕೆ ಜಾರಿದೆ.

ಸರ್ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೀಮೆಸುಣ್ಣದ ಶೂ. ಶೂ ಬಿಚ್ಚಿ ಬದಿಗಿಟ್ಟು ವೇದಿಕೆಯ ಮೇಲೆ ಕೂತರು. ಯಾರೋ ಓಡಿ ಬಂದು ಕುರ್ಚಿ ಇಟ್ಟರು, ಬೇಡ ಅಂದರು. ಮೈಕ್ ಸ್ಟ್ಯಾಂಡನ್ನು ಬಗ್ಗಿಸಲು ಇಬ್ಬರು ಒದ್ದಾಡಿದರು. ಸಭೆ ನಕ್ಕಿತು. ಸರ್ ಎಡಗೈಯನ್ನು ಕೆಂಪು ಕಾರ್ಪೆಟ್ಟಿನ ಮೇಲೆ ಊರಿದರು.

"ನಮ್ಮ ಹಿರಿಯಜ್ಜಿಗೆ ಹೆಸರಿರಲಿಲ್ಲ. ಇತ್ತು, ಮಾರಿದವರು ಇಟ್ಟುಕೊಂಡರು."

ನಿಲ್ಲಿಸಿದರು. ಹೂಂ ಬರಬೇಕಾದ ಜಾಗ ಅದು. ಸಭೆ ಸುಮ್ಮನಿತ್ತು.

"ಓಡಿ ಬಂದಳು. ಹಗಲು ಅಡಗಿದಳು, ಘಟ್ಟ ಹತ್ತಿದಳು. ಅವಳ ಮಾತು ಯಾರಿಗೂ ತಿಳೀತಿರಲಿಲ್ಲ. ಸಿಕ್ಕ ಸಿಕ್ಕ ಮರಕ್ಕೆ ಅವಳ ಊರಿನ ಮರದ ಹೆಸರಿಟ್ಟು ಕರೆದಳು. ಯಾವುದೂ ತಿರುಗಿ ನೋಡಲಿಲ್ಲ."

ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಮುಗಿಯಿತು ಅಂದುಕೊಂಡು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಚಪ್ಪಾಳೆ ಅಡಗುವವರೆಗೆ ಕಾದು ಸರ್ ಮುಂದುವರಿಸಿದರು.

"ಕಾಡು ಮುಗಿಯೋ ಕಡೆ ಹೊಳೆ. ತುಂಬಿದ ಹೊಳೆ. ಹಿಂದೆ ನಾಯಿ ಬೊಗಳೋದು ಕೇಳ್ತಿತ್ತು. ಅಜ್ಜಿಗೆ ಈಜು ಬರೋದಿಲ್ಲ."

ಮತ್ತೆ ನಿಲ್ಲಿಸಿದರು. ಮತ್ತೆ ಚಪ್ಪಾಳೆ, ಈ ಸಲ ಇನ್ನೂ ಪ್ರೀತಿಯಿಂದ. ನಮ್ಮವರು ಕೆಟ್ಟವರಲ್ಲ, ಅದೇ ತೊಂದರೆ. ಚಪ್ಪಾಳೆ ಅಂದರೆ 'ಸಾಕು, ಚೆನ್ನಾಗಿತ್ತು, ಇಳಿ' ಅಂತ. ಹೂಂ ಅಂದರೆ 'ಮುಂದೆ ಹೇಳು' ಅಂತ. ಈ ವ್ಯತ್ಯಾಸ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ನಾವು ಅದನ್ನು ಯಾವ ಏರ್‌ಪೋರ್ಟಿನಲ್ಲಿ ಬಿಟ್ಟು ಬಂದೆವೋ.

"ಅಜ್ಜಿ ದಂಡೆಯಲ್ಲಿ ಕೂತಳು. ಹೊಳೆಗೆ ಮಾತು ಹೇಳೋಕೆ ಶುರು ಮಾಡಿದಳು. ತನ್ನ ಮಾತಲ್ಲಿ. ಎಲ್ಲಿಂದ ಬಂದೆ, ಯಾರು ಹೆತ್ತರು, ಯಾರು ಮಾರಿದರು..."

ನಿಂತ ಆ ಮೌನದಲ್ಲಿ ನಾನು "ಹೂಂ" ಅಂದೆ.

ಗಟ್ಟಿಯಾಗಿಯೇ ಬಂತು. ಡಿಬೇಟಿನ ಗಂಟಲು. ಮುಂದಿನ ಸಾಲಿನ ತಲೆಗಳು ತಿರುಗಿದವು. ಮಕ್ಕಳು ಕಿಸಕ್ಕೆಂದರು. ಹಿಂದಿನಿಂದ ಒಬ್ಬ ಆಂಟಿ, "ಯಾರಿಗೋ ನಿದ್ದೆಯಲ್ಲಿ ಕನಸು ಬಿದ್ದದ್ದು!" ಅಂದರು. ನಗು ಸಾಲಿಂದ ಸಾಲಿಗೆ ಹೋಯಿತು. ಅಮ್ಮ ನನ್ನ ತೊಡೆ ಹಿಂಡಿ ತುಳುವಿನಲ್ಲಿ ಗದರಿದರು. ವೇದಿಕೆಯಿಂದ ಸರ್ ನನ್ನ ಕಡೆ ನೋಡಿದರು. ಮುಖದಲ್ಲಿ ಏನೋ ಸಡಿಲವಾಯಿತು. ಮುಂದಿನ ಮಾತನ್ನು ನನಗೇ ಎಂಬಂತೆ ಹೇಳಿದರು.

"ಹೊಳೆ ಕೇಳಿಸಿಕೊಂಡಿತು. ಅಲ್ಲಿವರೆಗೆ ಅವಳ ಮಾತು ಕೇಳಿಸಿಕೊಂಡದ್ದು ಅದೊಂದೇ. ಅವಳು ಒಂದು ಮಾತು ಹೇಳೋದು, ಹೊಳೆ ಒಂದು ಹೂಂ ಅನ್ನೋದು. ಒಂದೊಂದು ಹೂಂಗೂ ನೀರು ಒಂದೊಂದು ಗೇಣು ಇಳೀತಿತ್ತು."

ಕಾದರು. ಕಿವಿ ಸುಡುತ್ತಿತ್ತು ನನಗೆ. ಒಂದೇ ಅಕ್ಷರ. ಸಾವಿರ ಜನರ ಎದುರು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡಿ ಕಪ್ ತಂದವಳು ನಾನು. ಬಾಯಿ ತೆರೆಯಿತು. ದನಿ ಬರಲಿಲ್ಲ.

ಆಗ ಅರ್ಥವಾಯಿತು: ಆ ಕತೆಯಲ್ಲಿ ನಾವು ಪ್ರೇಕ್ಷಕರಲ್ಲ, ನಾವೇ ಹೊಳೆ. ನೀರು ಒಂದು ಗೇಣೂ ಇಳಿಯಲಿಲ್ಲ.

"ಅಜ್ಜಿ ದಂಡೆಯಲ್ಲಿ ಕೂತಿದ್ದಾಳೆ," ಅಂದರು ಸರ್ ಕೊನೆಗೆ. ಎದ್ದರು. ಮೊಣಕಾಲು ಒರೆಸಿಕೊಂಡು ಕೈ ಮುಗಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಿರೂಪಕಿ, "ವಾವ್! ಎಂಥ ಅದ್ಭುತ ಕತೆ! ಈಗ ನೀವೆಲ್ಲ ಕಾಯ್ತಾ ಇದ್ದ ರ‍್ಯಾಫಲ್ ಡ್ರಾ..."

ಊಟದ ಸಾಲಿನಲ್ಲಿ ಎಲ್ಲರೂ ಸರ್ ಅವರ ಕೈ ಕುಲುಕಿದರು. ಸೂಪರ್ ಅಂದರು. ಸೆಲ್ಫಿ ತೆಗೆದುಕೊಂಡರು. ನಾನು ತಟ್ಟೆ ಹಿಡಿದು ಪಕ್ಕದಲ್ಲೇ ನಿಂತು ಕಿವಿಗೊಟ್ಟೆ, ಒಬ್ಬರಾದರೂ ಕೇಳುತ್ತಾರಾ ಅಂತ: ಆಮೇಲೆ ಅಜ್ಜಿ ಏನಾದಳು? ಯಾರೂ ಕೇಳಲಿಲ್ಲ. ಕತೆ ಅರ್ಧಕ್ಕೆ ನಿಂತದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಪಾರ್ಕಿಂಗ್‌ನಲ್ಲಿ ನಾನು ಕೇಳಿದೆ. "ಆಮೇಲೆ ಏನಾಯ್ತು ಸರ್? ನನಗೆ ಹೇಳಿ. ಪೂರ್ತಿ ಹೂಂ ಅಂತೀನಿ."

ಸಿಟ್ಟು ಮಾಡಿಕೊಳ್ಳಲಿಲ್ಲ ಅವರು. "ನೀನೊಬ್ಬಳೇ ಊರು ಆಗ್ತೀಯಾ ತಂಗಿ?" ಅಂದರು, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ.

ರಾಜೀನಾಮೆ ಕೊಟ್ಟದ್ದು ಅದಾಗಿ ಸ್ವಲ್ಪ ದಿನಕ್ಕೆ. ರಜೆ ಕೇಳಿದ್ದರು, ಸ್ಪೋರ್ಟ್ಸ್ ಡೇ ಮುಗಿಯಲಿ ಅಂದರಂತೆ ಶಾಲೆಯವರು. ಅಷ್ಟರಲ್ಲಿ ವರ್ಷ ತುಂಬಿಬಿಡುತ್ತಿತ್ತು. ನಾನು ಹೋಗಿ ವಾದಿಸಿದೆ. ವಿಡಿಯೋ ಕಾಲ್ ಮಾಡಿ ಹೇಳಬಹುದಲ್ಲ, ರೆಕಾರ್ಡ್ ಮಾಡಿ ಕಳಿಸಬಹುದಲ್ಲ, ಈ ವಯಸ್ಸಿನಲ್ಲಿ ಬಿಟ್ಟು ಹೋದರೆ ಮತ್ತೆ ವೀಸಾ ಆಗುತ್ತದಾ. ಸರ್ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ಎಲ್ಲವನ್ನೂ ಕೇಳಿದರು. ಓಡಲು ಹೇಳಲಿಲ್ಲ.

"ಎಲ್ಲ ಸರಿ ನೀನು ಹೇಳಿದ್ದು," ಅಂದರು. "ಆಯಿ ನೀರಿನ ಪಕ್ಕ ಕೂತಿದ್ದಾಳೆ. ಅಷ್ಟೇ."

ಮೊನ್ನೆ ಶುಕ್ರವಾರ, ರಜೆಯ ಬೆಳಿಗ್ಗೆ, ವಿಡಿಯೋ ಕಾಲ್ ಬಂತು. ಅಲ್ಲಿ ಮಧ್ಯಾಹ್ನ. "ಎಲ್ಲಿ ಕೂತಿದ್ದೀ? ಮಂಚದಿಂದ ಇಳಿ," ಇದು ಮೊದಲ ಮಾತು. ಇಳಿದು ಟೈಲ್ಸ್ ಮೇಲೆ ಕೂತೆ. ಫೋನನ್ನು ಯಾವುದೋ ಕಂಬಕ್ಕೆ ಒರಗಿಸಿದ್ದರು. ಮನೆಯೆದುರಿನ ಅಂಗಳ, ಮಣ್ಣಿನ ಮೇಲೆ ಸುತ್ತ ಕೂತ ಹೆಂಗಸರು, ಗಂಡಸರು, ಮಡಿಲಲ್ಲಿ ಮಕ್ಕಳು. ನಾನು ಇದುವರೆಗೆ ಒಬ್ಬರಲ್ಲೇ ಕಂಡಿದ್ದ ಆ ಮುಖದ ಇಡೀ ಊರು.

ಸರ್ ಕತೆ ಹೇಳಿದರು, ಅರ್ಧ ಕೊಂಕಣಿ, ಅರ್ಧ ಕನ್ನಡ. ಅದೇ ಮಾತು, ಅದೇ ಜಾಗದಲ್ಲಿ ನಿಲ್ಲಿಸಿದರು. ಅಂಗಳ ಒಟ್ಟಿಗೆ "ಹೂಂ" ಅಂದಿತು. ಎದೆಯಿಂದ ಬಂದ, ತಗ್ಗಿನ ದನಿ. ನಾನೂ ಅಂದೆ. ನನ್ನದು ನೆಟ್‌ವರ್ಕಿನಲ್ಲಿ ತಡವಾಗಿ ಹೋಗಿ, ಎಲ್ಲರದ್ದೂ ಮುಗಿದ ಮೇಲೆ ಒಂಟಿಯಾಗಿ ಕೇಳುತ್ತಿತ್ತು. "ಅರಬ್ ದೇಶದ್ದು ಈಗ ಬಂತು ನೋಡು!" ಅಂತ ಒಬ್ಬಾಕೆ ನಕ್ಕರು. ಆ ನಗುವಿನಲ್ಲಿ ಜಾಗ ಇತ್ತು. ನಾನು ಮತ್ತೆ ಅಂದೆ. ಹೂಂ ಹೂಂ ಎಂದು ನೀರು ಇಳಿಯುತ್ತ ಹೋಯಿತು. ಅಜ್ಜಿ ದಾಟಿದಳು. ಆಚೆ ದಂಡೆ ಹತ್ತಿ ಅವಳು ಮೊದಲು ಮಾಡಿದ್ದು ಹೊಳೆಗೆ ತಿರುಗಿ ಬೈದದ್ದು: "ಇಷ್ಟೊತ್ತು ಯಾಕೆ ಕಾಯಿಸಿದಿಯೇ?" ಅಂಗಳ ಬಿದ್ದು ಬಿದ್ದು ನಕ್ಕಿತು. ಸರ್ ಅಳುತ್ತಿದ್ದರು. ಅಂಗೈಯಲ್ಲಿ ಮುಖ ಒರೆಸಿಕೊಂಡಾಗ ಮಣ್ಣು ಮೆತ್ತಿತು, ಬಣ್ಣ ಹಾಕಿದ ಮೀಸೆಗೂ.

ಆಮೇಲೆ ಫೋನು ಹತ್ತಿರಕ್ಕೆ ಬಂತು. "ಕೇಳಿದವರು ಈಗ ಒಂದೊಂದು ಕೊಡಬೇಕು. ಅವರವರ ಜಾಗದ್ದು. ಸಣ್ಣದಾದರೂ ಆತು. ದೂರದವರು ಮೊದಲು. ಹೇಳು ತಂಗಿ, ನಿನ್ನದು."

ಅಂಗಳ ನನ್ನ ಕಡೆ ತಿರುಗಿತು.

ನನ್ನದು. ಉಡುಪಿಯ ಹತ್ತಿರದ ಅಪ್ಪನ ಊರು: ಮೂರ್ನಾಲ್ಕು ಬೇಸಿಗೆ ರಜೆ, ಸೊಳ್ಳೆ, ಬಾವಿಯ ಹತ್ತಿರ ಹೋಗಬೇಡ ಅನ್ನುವ ಕೂಗು. ಮಂಗಫ್: ಹುಟ್ಟಿದಾಗಿನಿಂದ ಇರುವ ಬೀದಿ. ಕಿಟಕಿಯಾಚೆ ಒಂದು ಮರವೂ ಇದೆ. ಅದರ ಹೆಸರು ಗೊತ್ತಿಲ್ಲ. ಅಪ್ಪ ಬಸ್ಸಿಗೆ ಕಾಯುವ ಜಾಗ ಗೊತ್ತು. ಅಲ್ಲಿ ನಿಂತು ಏನು ಯೋಚಿಸುತ್ತಾರೆ ಅಂತ ಒಮ್ಮೆಯೂ ಕೇಳಿಲ್ಲ. ನೆಲ, ವಲಸೆ, ಪೌರತ್ವದ ಬಗ್ಗೆ ಪರವಾಗಿ ಏಳು ನಿಮಿಷ, ವಿರೋಧವಾಗಿ ಏಳು ನಿಮಿಷ ಮಾತಾಡಬಲ್ಲೆ. ಕತೆ ಒಂದೂ ಇರಲಿಲ್ಲ.

ಕ್ಯಾಮೆರಾ ಆಫ್ ಮಾಡಿದೆ. ಮೈಕ್ ಮ್ಯೂಟ್ ಮಾಡಿದೆ. "ನೆಟ್‌ವರ್ಕ್ ಹೋಯ್ತು ಸರ್" ಅಂತ ಮೆಸೇಜ್ ಟೈಪ್ ಮಾಡಿ ಕಳಿಸಿದೆ. ಕಾಲ್ ಕಟ್ ಮಾಡಲಿಲ್ಲ. ಯಾಕೆ ಅಂತ ಕೇಳಬೇಡಿ.

ಅವರು ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದು ಕೇಳಿಸಿತು. "ಪಾಪ, ಅಲ್ಲಿ ಗಾಳಿ ಎದ್ದಿರಬೇಕು," ಅಂದಳು ಒಬ್ಬಳು ಮುದುಕಿ. "ಹಂಗಾರೆ ನಾನು ಶುರು ಮಾಡಲಾ?" ಇನ್ನೊಂದು ದನಿ.

"ಇರು," ಅಂದರು ಸರ್. "ದೂರದವರು ಮೊದಲು. ಬರ್ತಾಳೆ ಅವಳು, ಮಾತಿನವಳು. ಕಾಯೋಣ."

ಯಾರೂ ಗೊಣಗಲಿಲ್ಲ. ಯಾರೋ ಕೆಮ್ಮಿದರು. ಒಂದು ಕೋಳಿ ಅಂಗಳದಲ್ಲಿ ಏನನ್ನೋ ಕೆದಕುತ್ತಿತ್ತು. ಮಗುವೊಂದು ಏನೋ ಕೇಳಿತು, ಶ್ ಅಂದರು. ಇಲ್ಲಿ ಮಂಗಫ್‌ನಲ್ಲಿ ಗಾಳಿ ಅಲುಗಾಡುತ್ತಿರಲಿಲ್ಲ, ಫೋನಿನಲ್ಲಿ ಸಿಗ್ನಲ್ ಪೂರ್ತಿ ಇತ್ತು. ಟೈಲ್ಸ್ ಮೇಲೆ ಕೂತು, ಇಡೀ ಊರೊಂದು ನನಗಾಗಿ ಸುಮ್ಮನಿರುವುದನ್ನು ನಾನು ಕೇಳುತ್ತಿದ್ದೆ.